ಬ್ರೆಡ್ಡಿನ ಶಕ್ತಿ, ಗಜ್ಜರಿಯ ನಾರು

ಒಂದು ವಸ್ತುವನ್ನು ಇನ್ನೊಂದಕ್ಕೆ ಹೋಲಿಸಬೇಕಾದರೆ ಅವೆರಡಕ್ಕೂ ಸಮಾನವಾದ ಧರ್ಮವೊಂದು ಇರಬೇಕೆಂದು ಅಲಂಕಾರಶಾಸ್ತ್ರ ಬಲ್ಲ ಹಿರಿಯರು ವಿಧಿಸಿದ್ದಾರೆ. ಮುಖವನ್ನು ಚಂದ್ರನಿಗೆ ಹೋಲಿಸಿದರೆ ನಡುವೆ ಕಾಂತಿಯಿದೆ. ನಡೆಯನ್ನು ಆನೆಗೆ ಹೋಲಿಸಿದರೆ ನಡುವೆ ಗಾಂಭೀರ್ಯವಿದೆ. ಬಿಳಿ ಬ್ರೆಡ್ಡಿಗೂ ಗಜ್ಜರಿಗೂ ನಡುವೆ ಏನಿದೆ ಎಂದು ಕೇಳಿದರೆ, ಎರಡನ್ನೂ ಮನುಷ್ಯ ಬಾಯಿಗೆ ಹಾಕಿಕೊಳ್ಳುತ್ತಾನೆ ಎಂಬುದರ ಹೊರತು ಬೇರೆ ಉತ್ತರ ತೋಚುವುದಿಲ್ಲ. ಆದರೂ ಇವೆರಡನ್ನೂ ಹೋಲಿಸಿ ಟಿಪ್ಪಣಿ ಬರೆಯುವ ಕರ್ಮ ಒಬ್ಬ ಗುಮಾಸ್ತನ ಪಾಲಿಗೆ ಬಂತು. ಅವನು ಅದನ್ನು ಶ್ರದ್ಧೆಯಿಂದ ಮಾಡಿದನು. ಲೋಕದ ಅನಾಹುತಗಳಲ್ಲಿ ಹೆಚ್ಚಿನವು ಶ್ರದ್ಧೆಯಿಂದಲೇ ಆಗತಕ್ಕವು. ಶ್ರದ್ಧೆಯಿಲ್ಲದವನು ಅಷ್ಟು ದೂರ ಹೋಗುವುದೇ ಇಲ್ಲ.

ಅವನು ನೀರು ಸರಬರಾಜು ಕಚೇರಿಯ ಟಪಾಲು ಗುಮಾಸ್ತ. ಬಂದ ಕಾಗದಕ್ಕೆ ಒಂದು ಸಂಖ್ಯೆ ಕೊಡುವುದು, ಹೋಗುವ ಕಾಗದಕ್ಕೆ ಇನ್ನೊಂದು ಸಂಖ್ಯೆ ಕೊಡುವುದು, ಬಂದು ಹೋಗಲಾರದೆ ನಿಂತ ಕಾಗದವನ್ನು ಕಪಾಟಿಗೆ ಸೇರಿಸುವುದು ಅವನ ನಿತ್ಯವಿಧಿ. ಹನ್ನೆರಡು ವರ್ಷದ ಹಿಂದೊಮ್ಮೆ ಹೆಡ್ ಗುಮಾಸ್ತರು ಯಾರೋ ಅರ್ಜಿದಾರನಿಗೆ ‘ಸಹಾಯದನ ಮಂಜೂರಾಗಿದೆ’ ಎಂದು ಬರೆದಿದ್ದರು. ಇವನು ಆ ದಕಾರದ ಹೊಟ್ಟೆಯನ್ನು ಸೀಳಿ ಧಕಾರ ಮಾಡಿ, ಅರ್ಜಿದಾರನ ಮನೆಗೆ ಸರ್ಕಾರದಿಂದ ಹಸು ಬರುವುದನ್ನು ತಪ್ಪಿಸಿದನು. ಅಂದಿನಿಂದ ಕಚೇರಿಯವರು ಇವನನ್ನು ‘ನಿಘಂಟು’ ಎಂದು ಕರೆಯತೊಡಗಿದರು. ಅವರು ಕರೆದದ್ದು ತಮಾಷೆಗೆ. ಇವನು ಅದನ್ನು ಬಿರುದೆಂದು ಸ್ವೀಕರಿಸಿದನು. ಬಿರುದು ಬಂದ ಮೇಲೆ ಲಾಂಛನ ಬೇಡವೆ? ತಲೆದಿಂಬಿನಷ್ಟು ದಪ್ಪದ ನಿಘಂಟೊಂದನ್ನು ಕೊಂಡು ತಂದು ಮೇಜಿನ ಮೇಲೆ ಪ್ರತಿಷ್ಠಾಪಿಸಿದನು. ಆ ದಿನದಿಂದ ‘ಗೊತ್ತಿಲ್ಲ’ ಎಂಬ ಮಾತು ಅವನ ಬಾಯಿಂದ ಹೊರಬಿದ್ದದ್ದನ್ನು ಕೇಳಿದವರಿಲ್ಲ. ಯಾರು ಏನು ಕೇಳಿದರೂ “ನೋಡಿ ಹೇಳ್ತೀನಿ” ಎನ್ನುವನು.

ಆ ಕಚೇರಿಯಲ್ಲಿ ನಾಲ್ಕು ಗಂಟೆಗೆ ಎಲ್ಲರಿಗೂ ಒಂದು ಲೋಟ ಚಹಾ, ಎರಡು ಹೋಳು ಬಿಳಿ ಬ್ರೆಡ್ಡು. ಬೀದಿಬೀದಿ ಅಲೆದು ಮೀಟರು ಓದಿ ಬಂದವರೂ, ವಾಲ್ವು ತಿರುಗಿಸಿ ಬಂದವರೂ ಆ ಹೊತ್ತಿಗೆ ಕ್ಯಾಂಟೀನಿನ ಬೆಂಚಿನ ಮೇಲೆ ಸಾಲಾಗಿ ಕುಳಿತು, ಬ್ರೆಡ್ಡನ್ನು ಚಹಾದಲ್ಲಿ ಅದ್ದಿ, ಅದು ಮುರಿದು ಬೀಳುವ ಮುನ್ನ ಬಾಯಿಗೆ ಸೇರಿಸುವ ವಿದ್ಯೆಯಲ್ಲಿ ಮಗ್ನರಾಗಿರುತ್ತಿದ್ದರು. ಬ್ರೆಡ್ಡು ಬರುತ್ತಿದ್ದದ್ದು ಕಚೇರಿಯ ಹಿಂದಿನ ಬೀದಿಯ ಒಂದು ಹಳೆಯ ಒಲೆಯಿಂದ. ಆ ಒಲೆಯೊಡತಿಯನ್ನು ಎಲ್ಲರೂ ‘ಅಕ್ಕ’ ಎನ್ನುತ್ತಿದ್ದರು. ಅವಳಿಗಿಂತ ಎಂಟು ವರ್ಷ ದೊಡ್ಡವರಾದ ಹೆಡ್ ಗುಮಾಸ್ತರೂ ‘ಅಕ್ಕ’ ಎಂದೇ ಕರೆಯುತ್ತಿದ್ದರು. ನಿಘಂಟುವೂ ‘ಅಕ್ಕ’ ಎನ್ನುತ್ತಿದ್ದನು. ವ್ಯತ್ಯಾಸ ಇಷ್ಟೆ: ಅವಳು ಅವನಿಗೆ ನಿಜವಾಗಿಯೂ ಅಕ್ಕ. ತಾಯಿ ತೀರಿಕೊಂಡಾಗ ಅವನಿಗೆ ಐದು ವರ್ಷ, ಅವಳಿಗೆ ಹದಿನೇಳು; ಹಿಟ್ಟು ನಾದಿ ನಾದಿ ಅವನನ್ನು ಓದಿಸಿ, ಈ ಕುರ್ಚಿಯಲ್ಲಿ ಕುಳ್ಳಿರಿಸಿದವಳು ಅವಳೇ. ಇದನ್ನು ಅವನು ಎಂದೂ ಮುಚ್ಚಿಟ್ಟವನಲ್ಲ. ಆದರೆ ಇಡೀ ಕಚೇರಿಯೇ ಅಕ್ಕ ಎನ್ನುವಾಗ ಒಬ್ಬನ ಅಕ್ಕ ಮಾತ್ರ ಒಡಹುಟ್ಟಿದವಳೆಂದು ಯಾರಿಗೆ ತೋಚೀತು? ಭಗವಂತನಾದರೂ ಹಾಗೆಯೇ, ಎಲ್ಲರೂ ತಂದೆ ಎನ್ನುತ್ತಾರೆ, ಮಗನಂತೆ ನಡೆದುಕೊಳ್ಳುವವನು ಯಾರೆಂಬುದು ಹೊರಗಿನವರಿಗೆ ತಿಳಿಯುವುದಿಲ್ಲ.

ಹೀಗಿರುವಲ್ಲಿ ಕಚೇರಿಗೆ ಮೇಲಧಿಕಾರಿಯಾಗಿ ಹೊಸ ಮೇಡಂ ಬಂದರು. ಮಿತಭಾಷಿ, ಮಿತಾಹಾರಿ. ಅವರ ಮೇಜಿನ ಮೇಲೆ ಒಂದು ದುಂಡನೆಯ ಡಬ್ಬಿ, ಅದರೊಳಗೆ ಉದ್ದುದ್ದ ಸೀಳಿದ ಗಜ್ಜರಿ. ಕ್ಯಾರೆಟ್ ಎಂದು ಬಳಕೆಯಲ್ಲಿರುವುದು ಅದೇ. ಮೂರನೆಯ ವಾರದ ಒಂದು ದಿನ ಕ್ಯಾಂಟೀನಿನವನು ಅವರ ಮುಂದೆ ಬ್ರೆಡ್ಡಿನ ತಟ್ಟೆ ಇಟ್ಟಾಗ, ಮೇಡಂ ಯಾರನ್ನೂ ನೋಡದೆ, ಇದರಲ್ಲಿ ಪೌಷ್ಟಿಕತೆ ಹೆಚ್ಚೋ ಕ್ಯಾರೆಟ್ಟಿನಲ್ಲಿ ಹೆಚ್ಚೋ ಎಂದರು. ಅದು ಪ್ರಶ್ನೆಯ ರೂಪದಲ್ಲಿದ್ದ ನಿಟ್ಟುಸಿರು. ವಿವೇಕಿಗಳು ಅದಕ್ಕೆ ಉತ್ತರ ಕೊಡುವುದಿಲ್ಲ. ಆದರೆ ಟಪಾಲು ಒಪ್ಪಿಸಲು ಅಲ್ಲಿ ನಿಂತಿದ್ದ ನಿಘಂಟು, “ನೋಡಿ ಹೇಳ್ತೀನಿ ಮೇಡಂ” ಎಂದನು.

ಮೇಡಂ ತಲೆಯೆತ್ತಿ ನೋಡಿದರು. ಹದಿನೈದು ದಿನ ತರಬೇತಿಗೆ ಹೋಗುತ್ತಿದ್ದೇನೆ, ಅಷ್ಟರೊಳಗೆ ಎರಡನ್ನೂ ಹೋಲಿಸಿ ಒಂದು ಟಿಪ್ಪಣಿ ಮಂಡಿಸಿ, ಕ್ಯಾರೆಟ್ಟೇ ಮೇಲಾದರೆ ಬ್ರೆಡ್ಡು ನಿಲ್ಲಿಸಿ ಅದನ್ನೇ ಕೊಡೋಣ ಎಂದರು. ಒಂದು ಮಾತು ಕಡತವಾಗುವುದು ಹೀಗೆ.

ಬ್ರೆಡ್ಡು ನಿಲ್ಲುವುದೆಂದರೆ ಅಕ್ಕನ ಒಲೆ ಆರುವುದೆಂದೇ ಅರ್ಥ. ಬೀದಿಯ ತುದಿಯಲ್ಲಿ ಹೊಸ ಅಂಗಡಿಯಾದಂದಿನಿಂದ ಜನ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಬ್ರೆಡ್ಡನ್ನು ಒಯ್ಯುತ್ತಿದ್ದರು. ಅವಳಿಗೆ ಉಳಿದಿದ್ದದ್ದು ಈ ಕಚೇರಿಯೊಂದೇ. ನಿಘಂಟು ಅಂದು ಸಂಜೆ ನೇರವಾಗಿ ಅಕ್ಕನಲ್ಲಿಗೆ ಹೋದನು. ಅವಳು ಮೊಣಕೈವರೆಗೆ ಹಿಟ್ಟಿನಲ್ಲಿದ್ದಳು.

“ಅಕ್ಕ, ನ್ಯಾಯ ನಿನ್ನ ವಿರುದ್ಧ ಬಂದ್ರೆ ನಾನು ಹಾಗೇ ಬರೀಬೇಕಾಗುತ್ತೆ. ಆಮೇಲೆ ಬೇಜಾರು ಮಾಡ್ಕೋಬಾರದು.”

“ಬರಿಯಪ್ಪ. ನಾನೇನು ಕೈ ಹಿಡ್ಕೊಂಡಿದ್ದೀನಾ? ಮೊದಲು ಕೂತ್ಕೊಂಡು ತಿನ್ನು.”

ಅವಳು ಮುಂದಿಟ್ಟ ಬ್ರೆಡ್ಡನ್ನು ಅವನು ತಿನ್ನಲಿಲ್ಲ. ತೀರ್ಪು ಬರೆಯಬೇಕಾದವನು ಕಕ್ಷಿದಾರರ ಮನೆಯಲ್ಲಿ ತಿನ್ನಬಾರದೆಂಬ ಧರ್ಮಸೂಕ್ಷ್ಮ ಅವನಿಗೆ ಹೊಳೆಯಿತು. ಆ ಸೂಕ್ಷ್ಮವನ್ನು ಅಕ್ಕನಿಗೆ ವಿವರಿಸಿಯೂ ಹೇಳಿದನು. ಅವಳು ಹಿಟ್ಟನ್ನು ಮಣೆಯ ಮೇಲೆ ಎರಡು ಬಾರಿ ಜೋರಾಗಿ ಬಡಿದು, ಹಾಗಾದರೆ ಹೆಂಡತಿ ಮಾಡಿದ್ದನ್ನೇ ಹೋಗಿ ತಿನ್ನು ಎಂದಳು.

ಮರುದಿನ ಅವನು ಆರೋಗ್ಯ ಕೇಂದ್ರಕ್ಕೆ ಹೋಗಿ, ಅಲ್ಲಿಯ ಗೋಡೆಗೆ ತೂಗುಹಾಕಿದ್ದ ಆಹಾರದ ಪಟ್ಟಿಯನ್ನು ನಿಂತು ನಕಲು ಮಾಡಿಕೊಂಡನು. ಪಕ್ಕದಲ್ಲೇ ಔಷಧ ಕೊಡುವವನಿದ್ದನು. ಕೇಳಿದ್ದರೆ ಎರಡು ನಿಮಿಷದಲ್ಲಿ ತಿಳಿಸುತ್ತಿದ್ದನು. ಆದರೆ ಕೇಳುವುದೆಂದರೆ ಗೊತ್ತಿಲ್ಲ ಎಂದಂತೆ. ಕೈಯಲ್ಲಿ ನಿಘಂಟು ಇರುವಾಗ ಅಂಥ ದೈನ್ಯ ಏಕೆ?

ಇಲ್ಲಿ ಒಂದು ಮಾತು ಹೇಳಲೇಬೇಕು. ಶಬ್ದ ಒಂದೇ, ಅರ್ಥ ಹಲವು. ಯಾವ ಅರ್ಥ ಎಲ್ಲಿ ಸಲ್ಲುತ್ತದೆಂಬುದನ್ನು ಸಂದರ್ಭ ಹೇಳಬೇಕು. ‘ಸೈಂಧವ’ವೆಂದರೆ ಉಪ್ಪೂ ಹೌದು, ಕುದುರೆಯೂ ಹೌದು, ಉಣ್ಣಲು ಕುಳಿತವನು ಕೇಳಿದರೆ ಉಪ್ಪು ತರಬೇಕು, ಪ್ರಯಾಣಕ್ಕೆ ಹೊರಟವನು ಕೇಳಿದರೆ ಕುದುರೆ ತರಬೇಕು. ನಿಘಂಟೆಂಬ ಗ್ರಂಥ ಎರಡು ಅರ್ಥಗಳನ್ನೂ ಕೊಡುತ್ತದೆ, ಸಂದರ್ಭವನ್ನು ಮಾತ್ರ ಕೊಡುವುದಿಲ್ಲ. ನಮ್ಮ ನಿಘಂಟೆಂಬ ಮನುಷ್ಯನಾದರೋ ಊಟದ ಮೇಜಿನ ಮುಂದೆ ಕುದುರೆಯನ್ನು ತಂದು ನಿಲ್ಲಿಸುವ ಪಂಗಡದವನು.

ಪಟ್ಟಿಯಲ್ಲಿ ಮೊದಲಿಗೆ ‘ಶಕ್ತಿ’ ಎಂದಿತ್ತು. ನೂರು ಗ್ರಾಂ ಬಿಳಿ ಬ್ರೆಡ್ಡಿನಲ್ಲಿ ಇನ್ನೂರ ಅರವತ್ತೈದು; ಗಜ್ಜರಿಯಲ್ಲಿ ನಲವತ್ತೊಂದು. ನಿಘಂಟು ತೆರೆದರೆ, ಶಕ್ತಿ: ಬಲ, ಸಾಮರ್ಥ್ಯ, ಪರಾಕ್ರಮ. ಅವನ ಎದೆ ಹಗುರವಾಯಿತು. ಅಂಕಿಯ ಮುಂದೆ ‘ಕಿ.ಕ್ಯಾ.’ ಎಂದೇನೋ ಇತ್ತು. ಅದು ನಿಘಂಟಿನಲ್ಲಿ ಸಿಗದ್ದರಿಂದ ಪಟ್ಟಿ ಬರೆದವರ ಹೆಸರಿನ ಮೊದಲಕ್ಷರಗಳೆಂದು ತೀರ್ಮಾನಿಸಿ ಬಿಟ್ಟನು. ಎರಡನೆಯದು ‘ಕೊಬ್ಬು’: ಮೇದಸ್ಸು, ಸೊಕ್ಕು, ಗರ್ವ. ಬ್ರೆಡ್ಡಿನಲ್ಲಿ ಮೂರಕ್ಕೂ ಮೇಲೆ, ಗಜ್ಜರಿಯಲ್ಲಿ ಲೇಶಮಾತ್ರ. ಇದು ಅಕ್ಕನ ಬ್ರೆಡ್ಡಿಗೆ ವಿರುದ್ಧವಾದ ಸಾಕ್ಷ್ಯ. ಆದರೂ ಅವನು ಮರೆಮಾಚಲಿಲ್ಲ. ಮೂರನೆಯದು ‘ನಾರು’. ನಿಘಂಟು ಮೊದಲು ಕೊಟ್ಟ ಅರ್ಥ: ದುರ್ಗಂಧ ಬೀರು. ಬ್ರೆಡ್ಡಿಗೆ ಎರಡು ಪಾಯಿಂಟ್ ಏಳು, ಗಜ್ಜರಿಗೆ ಎರಡು ಪಾಯಿಂಟ್ ಎಂಟು.

ಕೊನೆಗೆ ಸಿದ್ಧವಾದ ಟಿಪ್ಪಣಿಯ ಸಾರಭಾಗ ಹೀಗಿತ್ತು:

‘ಪರಿಶೀಲಿಸಲಾಗಿ, ಬಿಳಿ ಬ್ರೆಡ್ಡು ಗಜ್ಜರಿಗಿಂತ ಆರೂವರೆ ಪಟ್ಟು ಶಕ್ತಿಶಾಲಿಯಾಗಿರುತ್ತದೆ. ಅದರಲ್ಲಿ ಕೊಬ್ಬು ಹೆಚ್ಚೆಂಬುದು ನಿಜ. ಆದರೆ ಶಕ್ತಿವಂತನಲ್ಲಿ ಸ್ವಲ್ಪ ಕೊಬ್ಬು ಇರುವುದು ಲೋಕಸಹಜ. ಎರಡೂ ನಾರುತ್ತವೆ, ಗಜ್ಜರಿ ಕೂದಲೆಳೆಯಷ್ಟು ಹೆಚ್ಚು ನಾರುತ್ತದೆ. ಗಜ್ಜರಿಯಲ್ಲಿ ನೂರಕ್ಕೆ ಎಂಬತ್ತೆಂಟು ಪಾಲು ನೀರು. ನೀರು ಈ ಕಚೇರಿಯಲ್ಲೇ ಲಭ್ಯವಿರುವುದರಿಂದ ಹೊರಗಿನಿಂದ ತರಿಸುವ ಅಗತ್ಯ ಕಂಡುಬರುವುದಿಲ್ಲ. ಗಜ್ಜರಿಯಲ್ಲಿ ಎ ಜೀವಸತ್ತ್ವವೆಂಬುದು ಎಂಟುನೂರಕ್ಕೂ ಮಿಕ್ಕಿ ಇದೆಯೆಂದು ಪಟ್ಟಿ ಹೇಳುತ್ತದಾದರೂ, ಅದರ ಅಳತೆ ಮೈಕ್ರೋ ಗ್ರಾಂ, ಅಂದರೆ ಕಣ್ಣಿಗೆ ಕಾಣದಷ್ಟು ಅಲ್ಪ. ಕಾಣದ್ದನ್ನು ಗಣನೆಗೆ ತೆಗೆದುಕೊಳ್ಳುವುದು ಕಚೇರಿಯ ಪದ್ಧತಿಯಲ್ಲ.’

ಕಣ್ಣನ್ನು ಕಾಯುವ ಸತ್ತ್ವವೇ ಕಣ್ಣಿಗೆ ಕಾಣಿಸದು ಎಂಬುದು ಸೃಷ್ಟಿಕರ್ತನ ಮರ್ಮ. ಲೋಕವನ್ನು ಹೊತ್ತಿರುವುದೆಲ್ಲ ಬಹುಶಃ ಮೈಕ್ರೋ ಗ್ರಾಮಿನ ಅಳತೆಯದೇ. ಆದರೆ ಈ ವಿಚಾರ ಟಪಾಲು ವಿಭಾಗದ ವ್ಯಾಪ್ತಿಗೆ ಬರುವುದಿಲ್ಲವಷ್ಟೆ.

ಮೇಡಂ ತರಬೇತಿಯಲ್ಲಿದ್ದುದರಿಂದ ಟಿಪ್ಪಣಿ ಹೆಡ್ ಗುಮಾಸ್ತರ ಮುಂದೆ ಬಂತು. ಅವರು ಅದನ್ನು ಪೂರ್ತಿ ಓದಲಿಲ್ಲ. ‘ಶಕ್ತಿಶಾಲಿ’ ಎಂಬಲ್ಲಿಗೆ ಬಂದು ನಿಂತರು. ಕೈಯಲ್ಲಿ ಅಧಿಕಾರ ಇದ್ದದ್ದು ಹದಿನೈದೇ ದಿನ; ಅಷ್ಟರಲ್ಲಿ ಏನಾದರೂ ಸುಧಾರಣೆ ಮಾಡಿ ಹೆಸರುಳಿಸಬೇಕೆಂಬ ಆಸೆ ಅವರಿಗೆ. ಹೊರಗೆ ದುಡಿಯುವ ಸಿಬ್ಬಂದಿಗೆ ಇನ್ನು ಮುಂದೆ ಎರಡು ಹೋಳಿನ ಬದಲು ಎಂಟು ಹೋಳು, ಅದೂ ಕೆಲಸಕ್ಕೆ ಹೊರಡುವ ಮುನ್ನವೇ ಎಂದು ಆಜ್ಞೆ ಮಾಡಿ ಸಹಿ ಹಾಕಿದರು. ಟಿಪ್ಪಣಿಯ ಪ್ರತಿಯನ್ನು ಕ್ಯಾಂಟೀನಿನ ಗೋಡೆಗೂ ಅಂಟಿಸಲಾಯಿತು. ಕ್ಯಾಂಟೀನಿನವನು ಮಾತ್ರ ಅದನ್ನು ಓದಿ ಕೆರಳಿದನು. ತನ್ನ ಅಡುಗೆಮನೆಯಲ್ಲಿ ಇಪ್ಪತ್ತು ವರ್ಷದಿಂದ ಏನೂ ನಾರಿಲ್ಲವೆಂದೂ, ನಾರುವುದಿದ್ದರೆ ಕಡತದ ಕಪಾಟನ್ನು ಮೂಸಿ ನೋಡಬೇಕೆಂದೂ ಅವನು ಮೂರು ದಿನ ಸಾರಿದನು.

ಸಿಬ್ಬಂದಿಯಲ್ಲಿ ಕಡ್ಡಿ ಎಂಬ ಅಡ್ಡಹೆಸರಿನ ಒಬ್ಬ ವಾಲ್ವುಗಾರನಿದ್ದನು. ಗಾಳಿ ಬೀಸಿದರೆ ಕಂಬ ಹಿಡಿದು ನಿಲ್ಲುವ ಆಸಾಮಿ. ಬಲದ ವಿಷಯದಲ್ಲಿ ಜನ್ಮವಿಡೀ ಹಾಸ್ಯಕ್ಕೆ ಗುರಿಯಾದವನು ಗೋಡೆಯ ಮೇಲೆ ಅಚ್ಚಾದ ಆಶ್ವಾಸನೆಯನ್ನು ಕಂಡರೆ ನಂಬದಿರುವನೆ? ಎಂಟು ಹೋಳೆಂದರೆ ಇನ್ನೂರು ಗ್ರಾಂ. ಇನ್ನೂರು ಗ್ರಾಮಿಗೆ ಐನೂರ ಮೂವತ್ತು ಶಕ್ತಿ. ಒಂದು ವಾರ ಕ್ರಮ ತಪ್ಪದೆ ಸೇವಿಸಿ, ಎಂಟನೆಯ ದಿನ ಅವನು ಜೊತೆಗಾರನನ್ನು ಬಿಟ್ಟು ಒಬ್ಬನೇ ವಾಲ್ವು ತೆರೆಯಲು ಹೊರಟನು.

ವಾಲ್ವಿನ ಗುಂಡಿಗೆ ಕಬ್ಬಿಣದ ಮುಚ್ಚಳ. ಇಬ್ಬರು ಕೊಕ್ಕೆ ಹಾಕಿ ಎತ್ತಬೇಕಾದದ್ದು. ಎದುರು ಮನೆಯ ಮುದುಕಿ ಬಾಗಿಲಲ್ಲಿ ಕುಳಿತು ನೋಡುತ್ತಿದ್ದಳು.

“ಇನ್ನೊಬ್ಬ ಎಲ್ಲಪ್ಪ?”

“ಇನ್ನೊಬ್ಬ ಹೊಟ್ಟೆಯೊಳಗಿದ್ದಾನೆ ಅಜ್ಜಿ.”

“ಅಯ್ಯೋ, ನಿನಗೇನೋ ಬಂತು ಅಂಥದ್ದು,” ಎಂದು ಮುದುಕಿ ಒಳಗೆ ಹೋಗಿ ಸೊಸೆಯನ್ನು ಕರೆದು ತಂದಳು. ಅಷ್ಟರಲ್ಲಿ ಕಡ್ಡಿ ಮುಚ್ಚಳಕ್ಕೆ ಕೊಕ್ಕೆ ಹಾಕಿ, ಉಸಿರು ಬಿಗಿಹಿಡಿದು ಎತ್ತಿದ್ದನು. ಮುಚ್ಚಳಕ್ಕೆ ಎಷ್ಟು ಶಕ್ತಿ ಬೇಕೆಂಬುದನ್ನು ಮುಚ್ಚಳದ ಮೇಲೆ ಯಾರೂ ಬರೆದಿರಲಿಲ್ಲ. ಅದು ಒಂದು ಅಂಗುಲ ಎದ್ದು ಮತ್ತೆ ಕುಳಿತಿತು. ಎದ್ದು ಕುಳಿತುಕೊಳ್ಳಲಾರದೆ ಹೋದವನು ಕಡ್ಡಿ. ಸೊಂಟ ಹಿಡಿದು ಬಾಗಿದವನನ್ನು ಬಾಗಿದ ಸ್ಥಿತಿಯಲ್ಲೇ ಅತ್ತೆಸೊಸೆಯರು ಹಿಡಿದು ಆರೋಗ್ಯ ಕೇಂದ್ರಕ್ಕೆ ತಲುಪಿಸಿದರು. ವಾಲ್ವು ತೆರೆಯಲಿಲ್ಲ, ನಾಲ್ಕು ಬೀದಿಗೆ ನೀರು ಬರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಖಾಲಿ ಕೊಡ, ಖಾಲಿ ಬಕೆಟ್ಟು ಹಿಡಿದ ಜನ ಕಚೇರಿಯ ಅಂಗಳದಲ್ಲಿ ತುಂಬಿದರು. ನೀರು ಕೇಳಿ ಬಂದವರಿಗೆ ಹೆಡ್ ಗುಮಾಸ್ತರು, ಬ್ರೆಡ್ಡು ಹೆಚ್ಚು ತಿಂದದ್ದರಿಂದ ನೀರು ಬಂದಿಲ್ಲವೆಂದು ಹೇಗೆ ತಾನೆ ಹೇಳಿಯಾರು? ಹಿಂಬಾಗಿಲಿನಿಂದ ಮನೆಗೆ ಹೋದರು.

ತರಬೇತಿ ಮುಗಿಸಿ ಮೇಡಂ ಮರಳಿದ್ದು ಅದರ ಮಾರನೆಯ ದಿನವೇ. ಮೇಜಿನ ಮೇಲೆ ಬೀದಿಯವರ ದೂರು ಇತ್ತು. ಅದರ ಜೊತೆಗೆ, ಕಡ್ಡಿ ಗೋಡೆಯಿಂದ ನಕಲು ಮಾಡಿ ಜೇಬಿನಲ್ಲಿಟ್ಟುಕೊಂಡಿದ್ದ ಟಿಪ್ಪಣಿಯ ಪ್ರತಿಯನ್ನು ಓದಿದ ವೈದ್ಯರು ಔಷಧಚೀಟಿಯ ಹಿಂಬದಿಯಲ್ಲಿ ಬರೆದು ಕಳಿಸಿದ ನಾಲ್ಕು ಸಾಲುಗಳಿದ್ದವು. ಪಟ್ಟಿಯ ಶಕ್ತಿ ಎಂದರೆ ತೋಳಿನ ಬಲವಲ್ಲ, ತಿಂದದ್ದು ಮೈಯೊಳಗೆ ಉರಿದು ಕೊಡುವ ಕಾವಿನ ಅಳತೆ, ಕಿಲೋ ಕ್ಯಾಲರಿಯಲ್ಲಿ. ದುಡಿದರೆ ಖರ್ಚಾಗುತ್ತದೆ, ಕುಳಿತರೆ ಹೊಟ್ಟೆಯಾಗಿ ಉಳಿಯುತ್ತದೆ. ನಾರು ಎಂದರೆ ತರಕಾರಿಯ ಎಳೆ, ವಾಸನೆಯಲ್ಲ. ಇದನ್ನು ಬರೆದವರನ್ನು ದಯವಿಟ್ಟು ಒಮ್ಮೆ ನನ್ನಲ್ಲಿಗೆ ಕಳಿಸಿಕೊಡಿ, ಎಂದು.

ಅಷ್ಟೇ ಆಗಿದ್ದರೆ ನಗುವಿನಲ್ಲಿ ಮುಗಿಯುತ್ತಿತ್ತು. ಆದರೆ ಹೆಡ್ ಗುಮಾಸ್ತರ ಸಹಿ ಆಜ್ಞೆಯ ಕೆಳಗಿತ್ತು. ಅದರಿಂದ ಪಾರಾಗಲು ಅವರಿಗೊಂದು ದಾರಿ ಬೇಕಿತ್ತು. ಕ್ಯಾಂಟೀನಿನವನನ್ನು ವಿಚಾರಿಸುವಾಗ ಮಾತಿನ ನಡುವೆ ಅವನು, ನಿಘಂಟುವಿಗೆ ಜ್ವರ ಬಂದಾಗ ಅಕ್ಕ ಒಲೆ ಬಿಟ್ಟು ಓಡಿದ್ದನ್ನು ಹೇಳಿ, ಸ್ವಂತ ತಮ್ಮನಲ್ಲವೆ ಎಂದುಬಿಟ್ಟನು. ಹೆಡ್ ಗುಮಾಸ್ತರು ಎರಡು ಸಾರಿ ಕೇಳಿ ಖಚಿತಪಡಿಸಿಕೊಂಡರು. ಅರ್ಧ ಗಂಟೆಯಲ್ಲಿ ಇಡೀ ಕಚೇರಿಗೆ ಅರ್ಥವಾದದ್ದು ಇದು: ತಮ್ಮ ಟಿಪ್ಪಣಿ ಬರೆದ, ಅಕ್ಕನ ವ್ಯಾಪಾರ ನಾಲ್ಕು ಪಟ್ಟಾಯಿತು. ನಿನ್ನೆಯವರೆಗೆ ‘ಪಾಪದವನು’ ಎನಿಸಿದ್ದವನು ಇಂದು ‘ಒಳಗೊಳಗೇ ಇದ್ದವನು’ ಆದನು. ಕಪಟವೆಂಬುದು ಸಾಬೀತಾದರೆ ಅವನ ಕೆಲಸ ಹೋಗುವುದು ಖಂಡಿತ. ಅಕ್ಕನ ಒಲೆಯೂ, ಅದಕ್ಕಿಂತ ಹೆಚ್ಚಾಗಿ ಆ ಬೀದಿಯಲ್ಲಿ ಅವಳಿಗಿದ್ದ ಹೆಸರೂ ಅದರ ಹಿಂದೆಯೇ ಹೋಗುವಂಥದ್ದು.

ಮೇಡಂ ತಮ್ಮ ಕೋಣೆಯಲ್ಲಿ ವಿಚಾರಣೆಗೆ ಕುಳಿತರು. ಬರೆದುಕೊಳ್ಳಲು ಹೆಡ್ ಗುಮಾಸ್ತರು. ಅಕ್ಕನಿಗೂ ಹೇಳಿ ಕಳಿಸಿದ್ದರು. ಅವಳು ಕೈಯ ಹಿಟ್ಟನ್ನು ಒರೆಸಿಕೊಳ್ಳುತ್ತಾ ಬಂದು ಬಾಗಿಲ ಬಳಿ ನಿಂತಳು. ಒಳಗೆ ಬಂದು ಕುಳಿತುಕೊಳ್ಳಿ ಎಂದರೂ ಕುರ್ಚಿಗೆ ಹಿಟ್ಟಾಗುತ್ತದೆಂದು ಕುಳಿತುಕೊಳ್ಳಲಿಲ್ಲ.

ಮೇಡಂ ಕೇಳಿದ ಪ್ರಶ್ನೆ ಒಂದೇ. “ಇದನ್ನ ಗೊತ್ತಿದ್ದು ಬರೆದ್ರಾ, ಗೊತ್ತಿಲ್ಲದೆ ಬರೆದ್ರಾ?”

ಕರುಣೆಯಿಂದ ಕೇಳಿದ ಪ್ರಶ್ನೆ ಅದು. ‘ಗೊತ್ತಿಲ್ಲದೆ’ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಮೇಡಂ ಕಡತ ಮುಚ್ಚುತ್ತಿದ್ದರು. ನಿಘಂಟುವಿನ ತುಟಿ ಎರಡು ಬಾರಿ ಅಲುಗಿತು. ಹನ್ನೆರಡು ವರ್ಷದಿಂದ ಬಳಸದ ಮಾತು ಬೇಕೆಂದಾಗ ಬಂದೀತೆ?

“ಗೊತ್ತಿದ್ದೇ ಬರೆದೆ ಮೇಡಂ. ಒಂದೊಂದು ಪದಾನೂ ನೋಡಿ ಬರೆದೆ.”

“ಬ್ರೆಡ್ ನಿಮ್ಮ ಅಕ್ಕನದು ಅನ್ನೋದೂ ಗೊತ್ತಿತ್ತಾ?”

“ಗೊತ್ತಿತ್ತು.”

“ಕ್ಯಾರೆಟ್ ಒಳ್ಳೇದು ಅಂದ್ರೆ ಅವರ ಬ್ರೆಡ್ ನಿಲ್ಲುತ್ತೆ ಅನ್ನೋದು?”

“ಅದೂ ಗೊತ್ತಿತ್ತು ಮೇಡಂ. ಎಲ್ಲಾ ಗೊತ್ತಿತ್ತು.”

ಹೆಡ್ ಗುಮಾಸ್ತರ ಲೇಖನಿ ಓಡತೊಡಗಿತು. ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅಕ್ಕ ಬಾಗಿಲಿನಿಂದ ತಮ್ಮನನ್ನು ಒಮ್ಮೆ ನೋಡಿದಳು. ಆ ಬೀದಿಯಲ್ಲಿ ಅವಳು ಬ್ರೆಡ್ಡಿನಷ್ಟೇ ನಿಯಮದಿಂದ ಹಂಚಿದ್ದು ಇನ್ನೊಂದಿತ್ತು: ತನ್ನ ತಮ್ಮನ ಬುದ್ಧಿಯ ಕಥೆ. ಅವನು ಕಚೇರಿಯಲ್ಲಿ ಎಲ್ಲರ ತಪ್ಪು ತಿದ್ದುವವನು, ಅವನಿಗೆ ಗೊತ್ತಿಲ್ಲದ ಪದವೇ ಇಲ್ಲ ಎಂದು ಬ್ರೆಡ್ಡು ಕೊಳ್ಳಲು ಬಂದ ಯಾರಿಗೂ ಹೇಳದೆ ಕಳಿಸಿದವಳಲ್ಲ.

“ಅಮ್ಮ, ನಾನೊಂದು ಮಾತು ಹೇಳ್ಲಾ?” ಎಂದಳು.

ಹೇಳಿ ಎಂದರು ಮೇಡಂ.

“ಇವನಿಗೆ ಬುದ್ಧಿ ಕಮ್ಮಿ.”

ನಿಘಂಟು ತಿರುಗಿ ನೋಡಿದನು. ಅಕ್ಕ ಅವನ ಕಡೆ ನೋಡದೆ ಮುಂದುವರಿಸಿದಳು. ಇವನಿಗೆ ಒಂಬತ್ತು ವರ್ಷವಾದಾಗ ಒಲೆಯ ಮುಂದೆ ಕೂರಿಸಿ, ಬ್ರೆಡ್ಡು ಸೀಯದ ಹಾಗೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯಬೇಕು ಎಂದಿದ್ದಳಂತೆ. ಬಂದು ನೋಡಿದರೆ ಎಣ್ಣೆಯ ಬಟ್ಟಲು ಖಾಲಿ, ಕಣ್ಣು ಕೆಂಡ, ಬ್ರೆಡ್ಡು ಇದ್ದಿಲು. ಉರಿಯುತ್ತಿದೆ, ಆದರೆ ನೀನು ಹೇಳಿದಷ್ಟೂ ಬಿಟ್ಟುಕೊಂಡೆ ಅಕ್ಕ ಎಂದನಂತೆ. ಇನ್ನೊಮ್ಮೆ ನೆಂಟರ ಮನೆಗೆ ಹೊರಟಾಗ, ಅಲ್ಲಿ ಮರ್ಯಾದೆ ಕಳೆಯಬೇಡ ಎಂದರೆ, ಎಲ್ಲಿಟ್ಟಿದ್ದೀಯ, ಕೊಡು, ಜೇಬಿನಲ್ಲಿ ಭದ್ರವಾಗಿ ಇಟ್ಟುಕೊಳ್ಳುತ್ತೇನೆ ಎಂದನಂತೆ. ಹೆಡ್ ಗುಮಾಸ್ತರು ಬರೆಯುವುದನ್ನು ನಿಲ್ಲಿಸಿ ಬಾಯಿಗೆ ಕರವಸ್ತ್ರ ಅಡ್ಡ ಹಿಡಿದರು. ಅಕ್ಕನ ಮುಖದಲ್ಲಿ ನಗುವಿರಲಿಲ್ಲ. ಒಡವೆಯನ್ನು ಒಂದೊಂದಾಗಿ ಕಳಚಿ ಇಡುವವಳಂತೆ ಒಂದೊಂದು ಕಥೆಯನ್ನೂ ಮೇಜಿನ ಮೇಲಿಟ್ಟಳು.

“ಸುಳ್ಳು ಹೇಳ್ಬೇಕಾದ್ರೆ ಮೊದಲು ನಿಜ ಅರ್ಥ ಆಗಿರ್ಬೇಕಲ್ಲಮ್ಮ. ಇವನಿಗೆ ಅದೇ ಆಗಿರಲ್ಲ. ಬ್ರೆಡ್ ಬೇಡ ಅಂದ್ರೆ ನಿಲ್ಲಿಸಿ, ಒಲೆ ಆರಿಸ್ತೀನಿ. ಇವನು ಮೋಸಗಾರ ಅಂತ ಮಾತ್ರ ಬರೀಬೇಡಿ. ದಡ್ಡ ಅಂತ ಬರೀರಿ, ನಾನೇ ಸಹಿ ಹಾಕ್ತೀನಿ.”

ಲೋಕದಲ್ಲಿ ಬಂಧುಗಳನ್ನು ಹೊಗಳಿ ಕಾಪಾಡಿದವರ ಕಥೆಗಳು ಬೇಕಾದಷ್ಟಿವೆ. ತೆಗಳಿ ಕಾಪಾಡುವುದಕ್ಕೆ ಹೆಚ್ಚಿನ ಪ್ರೀತಿ ಬೇಕು. ಮೇಡಂ ಕನ್ನಡಕವನ್ನು ಮತ್ತೆ ಹಾಕಿಕೊಂಡರು. ಆಮೇಲೆ, ವಿಚಾರಣೆಗೆ ಸಂಬಂಧವಿಲ್ಲದ ದನಿಯಲ್ಲಿ, ನಿಮ್ಮ ಪ್ರಕಾರ ಯಾವುದು ಒಳ್ಳೆಯದು ಎಂದು ಅಕ್ಕನನ್ನೇ ಕೇಳಿದರು.

“ಕ್ಯಾರೆಟ್ಟೇ ಒಳ್ಳೇದಮ್ಮ, ಅದಕ್ಕೆ ಪಟ್ಟಿ ಯಾಕೆ ಬೇಕು? ಆದ್ರೆ ಬಿಸಿಲಲ್ಲಿ ಬೀದಿ ಸುತ್ತಿ ಬಂದೋನು ನಾಲ್ಕು ಗಂಟೆಗೆ ಒಳ್ಳೇದನ್ನ ಹುಡುಕಲ್ಲ. ಹೊಟ್ಟೆಗೆ ನಿಲ್ಲೋದನ್ನ ಹುಡುಕ್ತಾನೆ.”

ಆರೋಗ್ಯ ಕೇಂದ್ರದ ಗೋಡೆಯೂ ತಲೆದಿಂಬಿನಷ್ಟು ದಪ್ಪದ ಗ್ರಂಥವೂ ಸೇರಿ ಬಿಡಿಸಲಾರದ್ದು ಮೂರು ವಾಕ್ಯಗಳಲ್ಲಿ ಬಗೆಹರಿಯಿತು. ಹೋಲಿಕೆಗೆ ಬೇಕಾದ ಸಮಾನಧರ್ಮ ಪಟ್ಟಿಯಲ್ಲಿರಲಿಲ್ಲ, ತಿನ್ನುವವನ ಹಸಿವಿನಲ್ಲಿತ್ತು. ಮೇಡಂ ಆಜ್ಞೆ ಬರೆಸಿದರು: ಎಂಟು ಹೋಳು ರದ್ದು, ಮೊದಲಿನಂತೆ ನಾಲ್ಕು ಗಂಟೆಗೆ ಎರಡು ಹೋಳು, ಕ್ಯಾರೆಟ್ಟು ಬೇಕೆನ್ನುವವರು ತಮ್ಮಂತೆ ಡಬ್ಬಿಯಲ್ಲಿ ತರತಕ್ಕದ್ದು. ಟಿಪ್ಪಣಿಯ ಬಗ್ಗೆ, ‘ದುರುದ್ದೇಶ ಕಂಡುಬಂದಿಲ್ಲ, ಗ್ರಹಿಕೆಯ ಕೊರತೆ ಧಾರಾಳವಾಗಿ ಕಂಡುಬಂದಿದೆ’ ಎಂದು ದಾಖಲಾಯಿತು. ಅದರ ಕೆಳಗೆ ಅಕ್ಕನ ಹೇಳಿಕೆ, ಅಕ್ಕನ ಸಹಿ. ಹೇಳಿಕೆಯನ್ನು ಮುಂದಿಟ್ಟುಕೊಂಡೇ ಈ ತೀರ್ಮಾನಕ್ಕೆ ಬರಲಾಗಿದೆಯೆಂದು ಮೇಡಂ ಸ್ಪಷ್ಟವಾಗಿ ಸೇರಿಸಿದರು.

ಇಬ್ಬರೂ ಹೊರಗೆ ಬಂದರು. ಪಡಸಾಲೆಯಲ್ಲಿ ನಿಂತವರು ದಾರಿ ಬಿಟ್ಟರು. ಯಾರೂ ‘ನಿಘಂಟು’ ಎನ್ನಲಿಲ್ಲ. ಮೆಟ್ಟಿಲಿನ ತಿರುವಿಗೆ ಬಂದಾಗ ಅವನು ನಿಂತನು. ನಲವತ್ತು ಸಮೀಪಿಸುತ್ತಿದ್ದ ಮನುಷ್ಯ; ಆದರೆ ಆ ಹೊತ್ತಿಗೆ ಅವನ ಮುಖ ನಲವತ್ತರದಾಗಿರಲಿಲ್ಲ.

“ಅಕ್ಕ, ನೀನು ಒಳಗೆ ಹೇಳಿದ್ದು ನಿಜಾನಾ?”

ಅಕ್ಕ ಇಳಿಯುತ್ತಿದ್ದವಳು ಎರಡು ಮೆಟ್ಟಿಲು ಕೆಳಗೆ ನಿಂತು ತಿರುಗಿದಳು. ಸತ್ಯವನ್ನೇ ನುಡಿಯಬೇಕು, ಪ್ರಿಯವನ್ನೂ ನುಡಿಯಬೇಕು, ಅಪ್ರಿಯವಾದ ಸತ್ಯವನ್ನು ನುಡಿಯಬಾರದು ಎಂದು ಬಲ್ಲವರು ಹೇಳುತ್ತಾರೆ. ಇವೆಲ್ಲ ಒಟ್ಟಿಗೆ ಎದುರಾದಾಗ ಏನು ಮಾಡಬೇಕೆಂಬುದನ್ನು ಅಕ್ಕಂದಿರಿಗೆ ಯಾರೂ ಕಲಿಸಬೇಕಾಗಿಲ್ಲ.

“ಎಲ್ಲಾ ಸುಳ್ಳು ಕಣೋ. ನಮ್ಮ ಮನೇಲಿ ನಿನ್ನಷ್ಟು ಬುದ್ಧಿವಂತ ಇನ್ಯಾರಿದ್ದಾರೆ? ನಿನ್ನ ಕೆಲಸ ಉಳೀಲಿ ಅಂತ ಹೇಳ್ದೆ ಅಷ್ಟೆ.”

ಅವನ ಮುಖ ಅರಳಿತು. ಆಮೇಲೆ ಹುಬ್ಬು ನಿಧಾನವಾಗಿ ಗಂಟಾಯಿತು.

“ಸುಳ್ಳಾ? ನೀನು ಸಹಿ ಹಾಕಿದ್ದೀಯಲ್ಲಕ್ಕ.”

“ಹಾಕಿದ್ದೀನಿ. ಈಗೇನು?”

“ಸುಳ್ಳು ಹೇಳಿಕೆಗೆ ಸಹಿ ಹಾಕಬಾರದು. ಮೇಡಂ ಇನ್ನೂ ಕೂತಿರ್ತಾರೆ. ಬಾ, ಹೋಗಿ ತಿದ್ದಿಸ್ಕೊಂಡು ಬರೋಣ.”

ಹೇಳಿದವನೇ ತಿರುಗಿ ಮೆಟ್ಟಿಲು ಹತ್ತತೊಡಗಿದನು. ಅಕ್ಕ ಒಂದು ಗಳಿಗೆ ಅವನ ಬೆನ್ನನ್ನೇ ನೋಡಿದಳು. ಒಳಗೆ ಹೇಳಿದ್ದು ಸತ್ಯವೋ ಹೊರಗೆ ಹೇಳಿದ್ದು ಸತ್ಯವೋ ಎಂಬ ಸಂಶಯ ಅವಳಿಗೇ ಇದ್ದಿದ್ದರೆ, ಅದು ಆ ಗಳಿಗೆಯಲ್ಲಿ ಪರಿಹಾರವಾಗಿರಬೇಕು. ಎರಡೇ ಹೆಜ್ಜೆಗೆ ಮೇಲೆ ಹತ್ತಿ ಅವನ ಮುಂಗೈ ಹಿಡಿದಳು. ದಿನಕ್ಕೆ ಮಣಗಟ್ಟಲೆ ಹಿಟ್ಟು ನಾದಿದ ಕೈ ಅದು. ಯಾವ ಪಟ್ಟಿಯೂ ಅದರ ಶಕ್ತಿಯನ್ನು ಅಳೆದಿರಲಿಲ್ಲ.

“ಅಕ್ಕ, ಸಹಿ,” ಎಂದನು ಅವನು.

“ನಡಿ,” ಎಂದಳು ಅಕ್ಕ.

ಕಚೇರಿಯ ಮೆಟ್ಟಿಲುಗಳನ್ನೂ ಅಂಗಳವನ್ನೂ ದಾಟುವವರೆಗೆ ಅವನು ಸಹಿಯ ವಿಷಯವನ್ನೇ ಹೇಳುತ್ತಿದ್ದನು. ಬೀದಿಗೆ ಬಂದ ಮೇಲೂ ಅವಳು ಕೈ ಬಿಡಲಿಲ್ಲ.